ದ್ವಾದಶಿಯ ನೀರು

ಅಡಿಗೆಮನೆಯ ಹೊಸ ನಲ್ಲಿ ಮೊದಲು ಕೆಮ್ಮಿತು, ಆಮೇಲೆ ಗಾಳಿ ಬಿಟ್ಟಿತು, ಕಡೆಗೆ ನೀರು ಬಿಟ್ಟಿತು. ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದ ಪವಮಾನನಿಗೆ ಅದು ನೀರಿನ ಸಪ್ಪಳ ಎನಿಸಲಿಲ್ಲ. ಯಾರೋ ಗುರುತಿಲ್ಲದವರು ಮನೆಯೊಳಗೆ ಬಂದು, ಗಂಟಲು ಸರಿಮಾಡಿಕೊಂಡು, ಮಾತು ಶುರು ಮಾಡಿದಂತಿತ್ತು. ಅದೇ ಹೊತ್ತಿಗೆ ಅಂಗಳದ ಬೋರಿನ ಮೋಟಾರು ಗುಂಯ್ ಎನ್ನುತ್ತ ಟಾಕಿಗೆ ನೀರೆತ್ತುತ್ತಿತ್ತು. ಎರಡೂ ಸದ್ದು ಒಟ್ಟಿಗೆ ಕೇಳಿದ್ದು ಇದೇ ವಾರ. ಹಳೆಯ ಸದ್ದು ಕಿವಿಗೆ ಬೀಳುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾಗಿದ್ದವು. ಹೊಸದು ಬಂದಮೇಲೆ ಅದೂ ಕೇಳತೊಡಗಿತ್ತು, ಸಾಕ್ಷಿ ಹೇಳಲು ಬಂದವರ ಹಾಗೆ. ಹೆಂಡತಿ ಮಂಜುಷಾ ನಲ್ಲಿಯ ಕೆಳಗೆ ಕೈ ಹಿಡಿದು, ಬಳೆಯ ಅಳತೆ ನೋಡುವವಳಂತೆ ನೀರಿನ ಧಾರೆಯನ್ನು ನೋಡುತ್ತಿದ್ದುದು ಬಾಗಿಲಿನ ಸಂದಿಯಿಂದ ಕಾಣಿಸಿತು.

"ಎದ್ದೀರೇನು? ಇಮಾಮುದ್ದೀನ್ ಇವತ್ತ ಸಂಜೀಕ ಬರ್ತೀನಿ ಅಂದಾನ. ಆ ಗೋಡಿ ಪೈಪಿಂದು ಒಮ್ಮೆ ಮುಗಿಸಿಬಿಡ್ರಿ" ಎಂದಳು. ಅವನು ಎದ್ದಿಲ್ಲದವನಂತೆ ಮಲಗಿದ್ದ. "ಅಜಿತ ನಿನ್ನೆ ಮತ್ತ ಫೋನ್ ಮಾಡಿದ್ದ. ಇಷ್ಟು ವರ್ಷ ಬಾಜೂ ಮನಿಗೆ ನೀರು ಹೋದ್ರ ಅದು ಉಪಕಾರ ಅಂತ ಉಳಿಯಂಗಿಲ್ಲಂತ, ಹಕ್ಕ ಆಗ್ತದಂತ. ನಾಳೆ ನಾವು ಅಂಗಳದಾಗ ಎರಡು ಖೋಲಿ ಎತ್ತಬೇಕಂದ್ರ ಅವರು ಕೋರ್ಟಿಗೆ ಹೋಗಿ ಸ್ಟೇ ತರ್ತಾರ."

ಅಜಿತ ಅವಳ ತಮ್ಮ, ವಕೀಲ. ಅವನ ಮಾತು ಅವಳ ಬಾಯಿಯಲ್ಲಿ ಇನ್ನೂ ಹೆಚ್ಚು ಕಾಯಿದೆಯಾಗಿ ಬರುತ್ತಿತ್ತು.

"ಕರೀಂ ಚಾಚಾ ಕೋರ್ಟಿಗೆ ಹೋಗಾಂವಲ್ಲ."

"ಚಾಚಾ ಹೋಗಂಗಿಲ್ಲ. ಚಾಚಾನ ಮಗ ಹೋಗ್ತಾನ. ತಾರಿಖ್ ನಿಮಗ ಹೇಳಿ ಹೋಗ್ತಾನೇನು?"

ಅಂಗಳದಲ್ಲಿ ಮೋಟಾರು ನಿಂತಿತು. ನಿಲ್ಲುವ ಮುಂಚೆ ಗೋಡೆಯಾಚೆಯಿಂದ ಸ್ಟಾರ್ಟರಿನ ಖಟ್ ಎಂಬ ಸದ್ದು. ಆ ಸ್ಟಾರ್ಟರು ಇದ್ದದ್ದು ಕರೀಂಸಾಬನ ಮುಚ್ಚಿದ ಹಿಟ್ಟಿನ ಗಿರಣಿಯಲ್ಲಿ. ಬೋರು ಇವರದು, ಕರೆಂಟು ಅವನದು. ಗಾಜಿಪುರದ ಈ ಓಣಿಗೆ ನಗರದ ನೀರು ದಿನ ಬಿಟ್ಟು ದಿನವಲ್ಲ, ಮನಸ್ಸು ಬಂದಾಗ ಬರುತ್ತಿದ್ದ ಕಾಲದಲ್ಲಿ ಪವಮಾನನ ಅಪ್ಪ ವೆಂಕಟೇಶರಾಯರು ಅಂಗಳದಲ್ಲಿ ಬೋರು ಹಾಕಿಸಿದರು. ನೀರು ಬಿದ್ದದ್ದು ಎಷ್ಟು ಆಳದಲ್ಲಿ ಎಂದರೆ ಮನೆಯ ಕರೆಂಟಿಗೆ ಅದನ್ನು ಎತ್ತುವ ಶಕ್ತಿ ಇರಲಿಲ್ಲ. ಪಕ್ಕದ ಗಿರಣಿಯಲ್ಲಿ ಮೂರು ಫೇಸಿನ ದೊಡ್ಡ ಲೈನು ಇತ್ತು, ನೀರಿರಲಿಲ್ಲ. ಗೋಡೆಯಲ್ಲಿ ಒಂದು ತೂತು ಕೊರೆದರು. ಅದರೊಳಗಿಂದ ವೈರು ಈ ಕಡೆ ಬಂತು, ಪೈಪು ಆ ಕಡೆ ಹೋಯಿತು. ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಅಂದು ಕೈ ತೊಳೆದುಕೊಳ್ಳುತ್ತ ಹೇಳಿದ್ದು ಪವಮಾನನಿಗೆ ಈಗಲೂ ಕೇಳಿಸುತ್ತದೆ: "ಇದು ದೋಸ್ತಿ ಅಲ್ಲೋ, ವ್ಯವಹಾರ. ದೋಸ್ತಿ ಆದ್ರ ಮುನಿಸು ಬರ್ತದ. ಇದಕ್ಕ ಬರಂಗಿಲ್ಲ."

ಬಚ್ಚಲಿನಲ್ಲಿ ಮುಖಕ್ಕೆ ನೀರು ಎರಚಿಕೊಳ್ಳುವಾಗ ಇದು ಯಾವ ನೀರು ಎಂಬ ಪ್ರಶ್ನೆ ಬಂದು, ಅದಕ್ಕೆ ಉತ್ತರ ತಿಳಿಯದೆ ಅವನಿಗೆ ಸಿಟ್ಟು ಬಂತು. ನಡುಮನೆಯಲ್ಲಿ ಅವ್ವ ಸಕ್ಕೂಬಾಯಿ ಗೋಡೆಗೆ ಆನಿಕೊಂಡು ಜಪಮಣಿ ಹಿಡಿದು ಕೂತಿದ್ದಳು. ಇವತ್ತು ಏಕಾದಶಿ, ಅವಳಿಗೆ ಅನ್ನವಿಲ್ಲ, ಚಹಾ ಇಲ್ಲ, ಈ ವಯಸ್ಸಿನಲ್ಲೂ ನೀರಿಲ್ಲ. ತುಟಿಗಳು ಬೆಳಿಗ್ಗೆಯೇ ಬಿಳಿಚಿಕೊಂಡಿದ್ದವು. ಡಾಕ್ಟರು ಬೈದಿದ್ದರು, ಮಂಜುಷಾ ಬೈದಿದ್ದಳು. "ಒಂದು ದಿನಕ್ಕ ಸಾಯಂಗಿಲ್ಲ ಬಿಡ್ರಿ, ಇನ್ನಾ ಹದಿನಾಲ್ಕು ದಿನ ತಿಂತೀನಲ್ಲ" ಎನ್ನುವುದು ಅವಳ ಉತ್ತರ. ಮಗಳು ಶುಭದಾ ಶಾಲೆಯ ಚೀಲ ಏರಿಸಿಕೊಂಡು ಅಜ್ಜಿಯ ಮುಂದೆ ಬಿಸ್ಕೀಟು ತಿನ್ನುತ್ತ ನಿಂತಿದ್ದಳು. ಅವಳ ಬೂಟಿನ ಲೇಸು ಕಟ್ಟಲು ಪವಮಾನ ಬಗ್ಗಿದಾಗ ಸೊಂಟ ಹಿಡಿಯಿತು. ಅವ್ವ ಅವನನ್ನೇ ನೋಡುತ್ತಿದ್ದಳು. ಇವತ್ತು ಕಮಲಾಪುರದ ಹೋಟೆಲಿನಲ್ಲಿ ಮಗ ಏನು ತಿನ್ನುತ್ತಾನೆ ಎಂದು ಅವಳಿಗೆ ಗೊತ್ತಿದೆಯೇ? ಗೊತ್ತಿದ್ದೂ ಕೇಳದೆ ಇರುವುದು ಪ್ರೀತಿಯೋ, ಮುಪ್ಪಿನಲ್ಲಿ ಮಗನ ಮನೆಯಲ್ಲಿ ಇರಬೇಕಾದವಳ ಎಚ್ಚರವೋ? ಈ ವಿಚಾರ ಬಂದದ್ದಕ್ಕೆ ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಸ್ವಲ್ಪ ಸಮಾಧಾನವೂ ಆಯಿತು. ಆ ಸಮಾಧಾನ ಅವನಿಗೆ ಇಷ್ಟವಾಗಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹುಮನಾಬಾದ ರಸ್ತೆಯ ಎರಡೂ ಕಡೆ ಮೃಗಶಿರ ಮಳೆ ನೆಲವನ್ನು ಬರೇ ಕಲೆ ಮಾಡಿ ಬಿಟ್ಟುಹೋಗಿತ್ತು. ಅವನು ಕಮಲಾಪುರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು. ದಿನಾ ಅಪ್-ಡೌನ್ ಮಾಡುವ ನೌಕರರ ಪೈಕಿ ಒಬ್ಬ. ಪಕ್ಕದವನು ನಿದ್ದೆಯಲ್ಲಿ ಅವನ ಭುಜಕ್ಕೆ ವಾಲಿದ. ದೂಡಲಿಲ್ಲ. ನಾಳೆ ತನಗೂ ನಿದ್ದೆ ಬಂದೀತು. ಇದೇ ಅಲ್ಲವೇ ಎಲ್ಲ? ಗಲಭೆಯಾಗಿ ಊರು ಬಂದಾದ ಆ ವರ್ಷ, ಶಾಲೆಗೆ ರಜೆ ಎಂದು ಖುಷಿಯಾಗಿದ್ದ ಹುಡುಗ ಪವಮಾನ ಕಿಟಕಿಯ ಸಂದಿಯಿಂದ ನೋಡಿದ್ದ: ಓಣಿಯ ಬಾಯಿಗೆ ಕಟ್ಟಿಗೆ ಹಿಡಿದವರು ಬಂದು ನಿಂತಿದ್ದರು, ಯಾರ ಕಡೆಯವರು ಎಂದು ಅವನಿಗೆ ತಿಳಿಯಲಿಲ್ಲ, ಕರೀಂಸಾಬ ಗಿರಣಿಯ ಮೆಟ್ಟಿಲ ಮೇಲೆ ಹಿಟ್ಟಿನ ಮೈಯಲ್ಲೇ ಕೂತು ಬೀಡಿ ಸೇದುತ್ತಿದ್ದ. ಏನೂ ಮಾತಾಡಲಿಲ್ಲ. ಎದ್ದೂ ಹೋಗಲಿಲ್ಲ. ಬಂದವರು ಸ್ವಲ್ಪ ಹೊತ್ತು ನಿಂತು ತಿರುಗಿದರು. "ಕರೀಂ ನಮ್ಮನ್ನ ಕಾಯ್ದ" ಎಂದು ಅವ್ವ ಸೆರಗು ಕಣ್ಣಿಗೆ ಒತ್ತಿಕೊಂಡರೆ ಅಪ್ಪ ನಕ್ಕಿದ್ದರು. "ಅವಗೂ ನೀರು ಬೇಕಲ್ಲ." ಎಷ್ಟು ಹಗುರವಾಗಿತ್ತು ಆ ಮಾತು! ಹುಡುಗನ ಹೆದರಿಕೆಯೆಲ್ಲ ಒಮ್ಮೆಲೇ ಇಳಿದುಹೋಯಿತು. ಪ್ರೀತಿ ಇವತ್ತು ಇರುತ್ತದೆ, ನಾಳೆ ಇಲ್ಲ. ನೀರು ನಾಳೆಯೂ ಬೇಕು. ಅಂದಿನಿಂದ ಅವನು ಈ ಮಾತಿನ ಮೇಲೆಯೇ ಮನೆ ಕಟ್ಟಿಕೊಂಡವನು. ಪ್ರಾಮಾಣಿಕನಾಗಿದ್ದ, ಅದು ಕೊನೆಗೆ ಲಾಭ. ಸಹೋದ್ಯೋಗಿಗಳ ಕ್ಲಾಸು ತಾನು ತೆಗೆದುಕೊಂಡ, ಅವರೂ ತೆಗೆದುಕೊಳ್ಳುವರು. ಯಾರಿಗೂ ಕೇಡು ಬಯಸಲಿಲ್ಲ. ತನಗೆ ಒಳ್ಳೆಯವನು ಎಂಬ ಹೆಸರಿದೆ. ಈಗ ನಲ್ಲಿ ಬಂದಿದೆ, ಕರೀಂಸಾಬನ ಕರೆಂಟು ಬೇಕಿಲ್ಲ. ಹಾಗಿದ್ದರೆ ಈಗ ಅವನು ತನಗೆ ಯಾರು? ಮಹಾಗಾಂವ ಕ್ರಾಸಿನಲ್ಲಿ ಪಕ್ಕದವನು ಎಚ್ಚರಾಗಿ, ಥ್ಯಾಂಕ್ಸ್ ಎನ್ನದೆ, ಬಾಯಿ ಒರೆಸಿಕೊಂಡು ಇಳಿದುಹೋದ. ಭುಜದ ಮೇಲೆ ಜೊಲ್ಲಿನ ಕಲೆ ಉಳಿದಿತ್ತು.

ಅಂದಿನ ಪಾಠವೂ ಅದೇ ಆಗಿ ಬಂತು. ಮಾರುವವನು, ಕೊಳ್ಳುವವನು, ಇಬ್ಬರ ಸ್ವಾರ್ಥ, ಅದರಿಂದ ಹುಟ್ಟುವ ಶಿಸ್ತು. ಪವಮಾನ ಪ್ರತಿ ವರ್ಷದ ಉದಾಹರಣೆಯನ್ನೇ ತೆಗೆದ: ಬಸ್‌ಸ್ಟ್ಯಾಂಡಿನ ಮುಂದೆ ಕೆಂಪು ಬಾಳೆಹಣ್ಣು ಮಾರುವ ಯಂಕಪ್ಪ. ದಿನಾ ಬರುವ ತನಗೆ ಅವನು ಆರಿಸಿ ಒಳ್ಳೆಯ ಚಿಪ್ಪು ಕೊಡುತ್ತಾನೆ. ಬೀದರ ಬಸ್ಸಿನ ಕಿಟಕಿಯಿಂದ ಕೈ ಚಾಚುವವರಿಗೆ ಬುಡ ಕಪ್ಪಾದದ್ದನ್ನು ದಾಟಿಸುತ್ತಾನೆ. ಯಾಕೆ? ಬಸ್ಸಿನವನು ತಿರುಗಿ ಬರುವುದಿಲ್ಲ. "ಅಂದ್ರ ಯಂಕಪ್ಪ ಕೆಟ್ಟವನಲ್ಲ. ದೂರದ ಲಾಭ ಕಾಣುವಲ್ಲಿ ಅವನು ಒಳ್ಳೆಯವನು. ಹಂಗಾರ ನಾವು ಮಾಡಬೇಕಾದ್ದು ಏನು? ಎಲ್ಲರಿಗೂ ದೂರದ್ದು ಕಾಣುವಂಗ ಮಾಡೂದು. ನೀತಿ ಅಂದ್ರ ಅಷ್ಟೇ." ಹುಡುಗರು ಬರೆದುಕೊಂಡರು. ಹಿಂದಿನ ಬೆಂಚಿನಿಂದ ಹಣಮಮ್ಮ ಎಂಬ ಹುಡುಗಿ ಎದ್ದು ನಿಂತಳು. ಮಾತಾಡುವಾಗ ಜಡೆಯ ತುದಿಯನ್ನು ಬೆರಳಿಗೆ ಸುತ್ತುವ ಹುಡುಗಿ.

"ಸರ್, ನಿಮಗ ಬ್ಯಾರೆ ಊರಿಗಿ ಬದ್ಲಿ ಆಗ್ತದಲ್ರಿ ಒಂದಿನ."

"ಆಗ್ತದ. ಯಾಕ, ಬ್ಯಾಸರಾಗ್ಯಾದೇನು ನಂದು?"

ನಗು. "ಹಂಗಲ್ರಿ. ಆವತ್ತ ಕಡೀ ದಿನ ಯಂಕಪ್ಪಗ ಬದ್ಲಿ ಆಗ್ಯಾದಂತ ಹಣ್ಣು ತೊಗೊಳಕಿಂತ ಮೊದಲ ಹೇಳ್ತೀರೋ, ತೊಗೊಂಡ ಮ್ಯಾಲ ಹೇಳ್ತೀರೋ?"

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಪವಮಾನನೂ ನಕ್ಕ. ನಗುತ್ತಲೇ, ಆ ಹುಡುಗಿ ಚೇಷ್ಟೆಗೆ ಕೇಳಿದಳೋ, ಯಾರಾದರೂ ಕಲಿಸಿಕೊಟ್ಟರೋ, ಸ್ಟಾಫ್ ರೂಮಿನಲ್ಲಿ ತನ್ನ ಬಗ್ಗೆ ಹೀಗೊಂದು ಮಾತು ನಡೆಯುತ್ತಿದೆಯೋ ಎಂದು ಅವಳ ಮುಖ ಹುಡುಕಿದ. ಅವಳು ಉತ್ತರಕ್ಕಾಗಿ ನಿಜವಾಗಿಯೂ ಕಾಯುತ್ತಿದ್ದಳು. "ಕೂಡು. ಅದು ಸಿಲಬಸ್ಸಿನಾಗ ಇಲ್ಲ" ಎಂದ. ಮತ್ತೆ ನಗು, ಈ ಸಲ ಅವನ ಪರವಾಗಿ, ಆದರೆ ಮೊದಲಿನಷ್ಟು ಜೋರಾಗಿ ಅಲ್ಲ.

ಹೇಳಬೇಕು. ಮೊದಲು ಹೇಳಬೇಕು. ಮಧ್ಯಾಹ್ನ ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ, ಬಾಗಿಲಿಗೆ ಬೆನ್ನು ಮಾಡಿ, ಮಂಡಕ್ಕಿಯ ಸುಸಲಾ ಮತ್ತು ಮೆಣಸಿನಕಾಯಿ ಭಜಿ ತಿನ್ನುತ್ತ ಅವನು ನಿರ್ಧಾರ ಮಾಡಿದ. ಪೈಪು ತೆಗೆಯುವ ಮುಂಚೆ ಕರೀಂಸಾಬನ ಮನೆಗೆ ಹೋಗಿ, ಕೂತು, ಚಾಚಾ ಹೀಗೆ ಹೀಗೆ, ಎನ್ನಬೇಕು. ನಿಮಗೂ ನಲ್ಲಿ ಬರುವವರೆಗೆ ಬೇಕಾದರೆ ಇರಲಿ ಎನ್ನಬೇಕೆ? ಇರಲಿ ಎಂದರೆ ಅದು ಎಂದಿಗೂ ಇರುತ್ತದೆ. ಅಜಿತನ ಹಕ್ಕು ಎಂಬ ಮಾತು ಭಜಿಯ ಎಣ್ಣೆಯಂತೆ ಅಂಗುಳಿಗೆ ಅಂಟಿತ್ತು. ಹಲ್ಲಿನ ಸಂದಿಯಲ್ಲಿ ಕೊತ್ತಂಬರಿ ಸಿಕ್ಕಿದೆಯೇನೋ ಎಂದು ಫೋನಿನ ಕಪ್ಪು ಗಾಜಿನಲ್ಲಿ ನೋಡಿಕೊಂಡ. ಏಕಾದಶಿಯ ದಿನ ಅವ್ವನ ಮುಂದೆ ನಗಬೇಕಾದವನು.

ಬರಿಗೈಯಲ್ಲಿ ಹೋಗುವುದು ಸರಿಯಲ್ಲ ಎಂದು ಯಂಕಪ್ಪನ ಗಾಡಿಯ ಹತ್ತಿರ ನಿಂತ. ಯಂಕಪ್ಪ ಗೋಣಿಚೀಲ ಸರಿಸಿ ಕೇಳಿದ, "ಮನಿಗೇನ್ರಿ ಸರ್, ಯಾರಿಗರ ಕೊಡ್ಲಾಕೇನ್ರಿ?"

"ಯಾಕ, ಬ್ಯಾರೆ ಬ್ಯಾರೆ ಅದಾವೇನು?"

"ಮನಿಗಾದ್ರ ತಿನ್ಲಾಕ ಚಲೋ ಇರೂದ ಕೊಡ್ತೀನ್ರಿ. ಕೊಡ್ಲಾಕಾದ್ರ ನೋಡ್ಲಾಕ ಚಲೋ ಇರೂದು." ಅವನು ಎರಡೂ ಕೈಯಲ್ಲಿ ಒಂದೊಂದು ಚಿಪ್ಪು ಎತ್ತಿ ಹಿಡಿದ. ಒಂದರ ಸಿಪ್ಪೆ ಮಾಸಿ ಚುಕ್ಕೆ ಬಿದ್ದಿತ್ತು. ಇನ್ನೊಂದು ಮದುವಣಗಿತ್ತಿಯ ಸೀರೆಯಂತೆ ಕೆಂಪಗೆ ಹೊಳೆಯುತ್ತಿತ್ತು.

"ಕೊಡ್ಲಾಕ" ಎಂದ ಪವಮಾನ, ಹೊಳೆಯುವುದನ್ನು ತೆಗೆದುಕೊಂಡ. ಬಸ್ಸು ಹತ್ತಿ ಕೂತಮೇಲೆ, ಯಂಕಪ್ಪನಿಗೆ ಬದಲಿಯ ಮಾತು ಹೇಳಬೇಕಾದ ದಿನ ತಾನು ಏನು ಮಾಡುತ್ತೇನೆ ಎಂಬುದು ಅವನಿಗೆ ಥಟ್ಟನೆ, ಯಾವ ಸಂಶಯವೂ ಇಲ್ಲದೆ, ಗೊತ್ತಾಯಿತು. ತೊಡೆಯ ಮೇಲಿನ ಚೀಲ ಭಾರವೆನಿಸಿ ಕಾಲ ಬುಡಕ್ಕೆ ಇಟ್ಟ.

ಕರೀಂಸಾಬನ ಮನೆಯ ಮುಂಬಾಗಿಲು ಹಿಂದಿನ ರಸ್ತೆಗಿತ್ತು. ಸುತ್ತಿ ಹೋಗಬೇಕು. ಹುಡುಗನಾಗಿದ್ದಾಗ ಪವಮಾನ ಸುತ್ತುತ್ತಿರಲಿಲ್ಲ. ಗೋಡೆಯ ತೂತಿಗೆ ಬಾಯಿಟ್ಟು ತಾರಿಖ್‌ನನ್ನು ಕರೆದರೆ ಅವನು ಆ ಕಡೆಯಿಂದ ಕಿವಿಯಿಟ್ಟು ಓ ಎನ್ನುತ್ತಿದ್ದ. ಗಿರಣಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕತ್ತಲೆಯಲ್ಲಿ ಹಿಟ್ಟಿನ ಹಳೇ ವಾಸನೆ, ಸ್ಟಾರ್ಟರಿನ ಕಬ್ಬಿಣದ ಡಬ್ಬಿ, ಅದರ ಪಕ್ಕ ಮೊಳೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರು. ಪ್ರತಿ ಯುಗಾದಿಗೆ ಅಪ್ಪ ಕೊಡುತ್ತಿದ್ದರು. ಅಪ್ಪ ಹೋದಮೇಲೆ ಕರೀಂಸಾಬ ತಾನೇ ಶರಣಬಸವೇಶ್ವರ ಗುಡಿಯ ಹತ್ತಿರದ ಅಂಗಡಿಯಿಂದ ತರುತ್ತಿದ್ದ. ಯಾಕೆಂದರೆ ಏಕಾದಶಿಯ ಮರುದಿನ, ದ್ವಾದಶಿಗೆ, ಸೂರ್ಯ ಮೂಡುವ ಮುಂಚೆಯೇ ಅವ್ವನ ಸ್ನಾನ, ಪೂಜೆ, ಅಡಿಗೆ ಎಲ್ಲ ಆಗಿ, ಮೂಡುತ್ತಲೇ ಉಪವಾಸ ಬಿಡುವ ಪಾರಣೆ ಆಗಬೇಕು. ಅದಕ್ಕೆ ಆಗಲೇ ಎತ್ತಿದ ನೀರೇ ಬೇಕು. ರಾತ್ರಿ ಟಾಕಿಯಲ್ಲಿ ತಂಗಿದ ನೀರು ಮಡಿಗೆ ಬರುವುದಿಲ್ಲ. ಮೊದಲ ಸಲ ಅವ್ವ ತಕರಾರು ತೆಗೆದಿದ್ದಳು: ಕರೀಂನ ಕೈಯಿಂದ ಬಂದ ನೀರು ಮಡಿಗೆ ಹೇಗೆ? ಅಪ್ಪ ತೀರ್ಪು ಕೊಟ್ಟಿದ್ದರು: "ಅವನ ಬೆರಳು ಮುಟ್ಟೂದು ಸ್ವಿಚ್ಚಿಗೆ. ನೀರು ಎತ್ತೂದು ಕರೆಂಟು. ಕರೆಂಟಿಗೆ ಯಾವ ಗೋತ್ರ ಕೇಳ್ತೀ?" ಅವ್ವ ಒಪ್ಪಿದಳು, ಒಪ್ಪದೆ ನೀರಿರಲಿಲ್ಲ. ಅಂದಿನಿಂದ ತಿಂಗಳಿಗೆ ಎರಡು ಸಲ, ನಮಾಜಿಗೂ ಮುಂಚೆ, ಆ ಖಟ್ ಸದ್ದು.

ಸೊಸೆ ಮೆಹಬೂಬಿ ಸೆರಗು ಎಳೆದುಕೊಳ್ಳುತ್ತ ಹೊರಗೆ ಬಂದಳು. "ಆವೋ ಸರ್. ಅಬ್ಬಾ ಮನ್ಯಾಗಿಲ್ರಿ. ಕಣ್ಣ ತೋರಸ್ಲಾಕ ಸೇಡಂ ರೋಡಿನ ದವಾಖಾನಿಗಿ ಕರ್ಕೊಂಡು ಹೋಗ್ಯಾರ ಇವರು. ಪೊರೆ ಬಂದಾದಂತ."

"ಲಗೂ ಬರ್ತಾರೇನು?"

"ಏನ್ರಿ ಗೊತ್ತಿಲ್ರಿ, ಅಲ್ಲಿ ಪಾಳಿ ದೊಡ್ಡದಿರ್ತದ. ನಾಳೆ ಮುಂಜಾನಿ ಏಳೂದದ, ರಾತ್ರಿ ಲಗೂ ಮಕ್ಕೋಬೇಕು ಅಂತ ಇವರ ಮ್ಯಾಲ ಚೀರಾಡ್ಕೋತ ಹೋಗ್ಯಾರ." ಅವಳು ಬಾಳೆಹಣ್ಣಿನ ಚೀಲ ತೆಗೆದುಕೊಂಡು ಒಳಗೆ ಇಣುಕಿ ನೋಡಿದಳು. "ಹಾಯ್, ಎಷ್ಟು ಚಂದ ಅದಾವ್ರಿ! ಏನ್ ವಿಶೇಷ?"

ಈಗ ಹೇಳಬಹುದಿತ್ತು. ಅವಳಿಗೆ ಹೇಳಿದರೂ ಆಗುತ್ತಿತ್ತು. "ಏನಿಲ್ಲ, ಸುಮ್ಮ" ಎಂದ. ಸುಮ್ಮ ಎಂಬ ಮಾತು ಅವನ ಬಾಯಿಯಿಂದ ಬಂದದ್ದೇ ಮೊದಲ ಸಲವೇನೋ ಎನ್ನುವಂತೆ ಅದು ಅವನ ಕಿವಿಗೆ ವಿಚಿತ್ರವಾಗಿ ಕೇಳಿಸಿತು. ಮೆಹಬೂಬಿಯೂ ಒಂದು ಕ್ಷಣ ಅವನ ಮುಖ ನೋಡಿದಳು. ಅವಳೂ ಸಂಶಯಪಟ್ಟಳೋ? ಹಾಗೆ ಎನಿಸಿ, ಯಾಕೋ, ಅವಳ ಮೇಲೆ ವಿಶ್ವಾಸ ಹುಟ್ಟಿತು.

ಮನೆಗೆ ಬಂದರೆ ಇಮಾಮುದ್ದೀನ್ ಆಗಲೇ ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಪೈಪಿನ ತುಕ್ಕು ಕೆರೆಯುತ್ತಿದ್ದ. ನಲ್ಲಿ ಜೋಡಿಸುವ ಕೆಲಸದವನು, ಬಾಯಿ ಸುಮ್ಮನಿರದವನು. ಮಂಜುಷಾ ಕೈಕಟ್ಟಿ ನಿಂತಿದ್ದಳು. ಚಾಚಾನಿಗೆ ಹೇಳಿ ಬರುತ್ತೇನೆ ಎಂದು ಅವನು ಬಸ್ಸಿನಿಂದ ಅವಳಿಗೆ ಫೋನು ಮಾಡಿದ್ದ. "ಹೇಳಿ ಬಂದ್ರಿ?" ಎಂದಳು. "ಅವರಿಲ್ಲ" ಎಂದ. ನಾಳೆ ಮಾಡೋಣವೇ ಎಂದು ಬಾಯಿಗೆ ಬಂದದ್ದನ್ನು ಅವಳು ಓದಿಕೊಂಡವಳಂತೆ, "ಇವನಿಗೆ ನಾಳೆ ಬಿಡುವಿಲ್ಲಂತ" ಎಂದಳು.

"ಆ ಕಡಿ ಪೈಪಷ್ಟ ಬಂದ್ ಮಾಡು" ಎಂದ ಪವಮಾನ. "ಅವರಿಗೆ ನಲ್ಲಿ ಬರೂತನ ಏನ್ ಮಾಡ್ತಾರೋ, ಪಾಪ."

ಇಮಾಮುದ್ದೀನ್ ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟು ಹಲ್ಲು ಬಿಟ್ಟ. "ಅವರಿಗಿ ನಲ್ಲಿ? ಅರೇ ಸರ್, ಅವರಿಗಿ ರಂಜಾನಿನಕಿಂತ ಮೊದಲೇ ಬಂದದ. ಹಿಂದಿನ ರೋಡಿನ ಲೈನ್ ಅವರದು. ನಾನೇ ಜೋಡಿಸಿಕೊಟ್ಟೀನಿ. ಈ ಪೈಪಿಂದು ಆ ಕಡಿ ವಾಲ್ವ್ ಬಂದ್ ಮಾಡಿ ಎಷ್ಟ್ ದಿನ ಆತೋ. ಒಂದ್ ಹನಿ ನಿಮ್ಮ ನೀರು ಹೋಗವಲ್ದು ಅವರಿಗಿ."

ಪವಮಾನನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ, ಮೈಯೊಳಗೆ ಏನೋ ಒಂದು ಮೆಟ್ಟಿಲು ತಪ್ಪಿದಂತಾಯಿತು. ರಂಜಾನಿನ ಮುಂಚೆಯಿಂದ. ಅಂದರೆ ಬೇಸಿಗೆಯುದ್ದಕ್ಕೂ ಪ್ರತಿ ದಿನ ಬೆಳಿಗ್ಗೆ ಆ ಮುದುಕ ತನ್ನ ಕರೆಂಟಿನಿಂದ ಇವರ ಟಾಕಿ ತುಂಬಿಸಿದ್ದಾನೆ, ತನಗೆ ಒಂದು ಹನಿ ಬೇಕಿಲ್ಲದಿದ್ದರೂ. ಹೇಳಿಯೂ ಇಲ್ಲ. ಯಾಕೆ? ಅಪ್ಪನ ಮಾತು ಕೈಗೆ ಸಿಗದೆ ಜಾರಿತು. ಅವನಿಗೂ ನೀರು ಬೇಕಲ್ಲ, ಆದರೆ ಬೇಕಿರಲಿಲ್ಲ. ಬೇಕಿಲ್ಲದವನು ಯಾಕೆ ಮಾಡುತ್ತಾನೆ? ಅಂಗಳದ ಬೆಳಕು ಕೆಂಪಗಾಗುತ್ತಿತ್ತು. ಗೋಡೆಯ ತೂತಿನ ಸುತ್ತ ಪಾಚಿ. ಯಾರೂ ಸುಮ್ಮನೆ ಏನನ್ನೂ ಮಾಡುವುದಿಲ್ಲ ಎಂದು ಅವನು ವರ್ಷಾನುಗಟ್ಟಲೆ ಮಕ್ಕಳಿಗೆ ಹೇಳಿದ್ದಾನೆ, ಸುಳ್ಳೇನೂ ಹೇಳಿಲ್ಲ. ಮುಚ್ಚಿಟ್ಟ ಲಾಭವೇ ದೊಡ್ಡ ಲಾಭ.

"ನೋಡಿದ್ರಿ?" ಎಂದಳು ಮಂಜುಷಾ ಮೆಲ್ಲಗೆ. "ಅಜಿತ ಅಂದದ್ದ ಆತು. ನೀರು ಬ್ಯಾಡ ಅವರಿಗೆ. ದಿನಾ ಸ್ವಿಚ್ ಹಾಕಿ ಹಕ್ಕು ಉಳಿಸ್ಕೊಳ್ಳಾಕತ್ತಾರ."

ಎಷ್ಟು ಚೆನ್ನಾಗಿ ಕೂತಿತು ಅದು! ಲೆಕ್ಕದಲ್ಲಿ ಕಡೆಯ ಶೇಷ ಸೊನ್ನೆಯಾದಾಗಿನ ನಿರಾಳ. ಪವಮಾನ ಉಸಿರು ಬಿಟ್ಟ. ಕರೀಂಸಾಬ ಮತ್ತೆ ಗುರುತಿನ ಮನುಷ್ಯನಾದ, ತನ್ನಂಥವನಾದ. ಅವನ ಮೇಲೆ ಸಿಟ್ಟೂ ಬರಲಿಲ್ಲ, ಒಂದು ಬಗೆಯ ಮೆಚ್ಚುಗೆಯೇ ಬಂತು. "ವೈರೂ ಕಡಿ" ಎಂದ ಇಮಾಮುದ್ದೀನನಿಗೆ. "ಪೈಪು, ವೈರು, ಎರಡೂ."

"ವೈರೂನಾ? ಮೋಟಾರ್ ನಡ್ಯಂಗಿಲ್ಲ ನೋಡ್ರಿ ಮತ್ತ."

"ನಮಗ ಈಗ ನಲ್ಲಿ ಅದ."

ಇಮಾಮುದ್ದೀನ್ ವೈರನ್ನು ಕತ್ತರಿಸಿ, ಆ ಕಡೆಯ ತುದಿಗಳನ್ನು ತೂತಿನೊಳಗೆ ತುರುಕಿದ. ಪೈಪು ಬಿಚ್ಚಿ ನೆಲಕ್ಕೆ ಉರುಳಿಸಿದಾಗ ಅದರ ಬಾಯಿಂದ ಸ್ವಲ್ಪ ಕೆಂಪು ನೀರು ಸುರಿಯಿತು. ಸಿಮೆಂಟು ಮರೆತು ಬಂದಿದ್ದೇನೆ, ತೂತು ನಾಡಿದ್ದು ಮುಚ್ಚುತ್ತೇನೆ ಎಂದು ಹೊರಟುಹೋದ. ಒಳಗಿಂದ ಅವ್ವ ಒಣಗಿದ ಗಂಟಲಲ್ಲಿ ಕೇಳಿದಳು, "ಏನದು ಸಪ್ಪಳ?" "ಹಳೇ ಪೈಪ್ರಿ ಅತ್ತಿ" ಎಂದಳು ಮಂಜುಷಾ. ಅವ್ವ ಮತ್ತೆ ಕೇಳಲಿಲ್ಲ. ಮಾತಾಡಿದರೆ ನೀರಡಿಕೆ ಹೆಚ್ಚುತ್ತದೆ ಎಂದೋ ಏನೋ.

ಬೆಳಗಿನ ಜಾವ ಹಿತ್ತಾಳೆಯ ಕೊಡ ಕಲ್ಲಿಗೆ ತಾಗಿದ ಸದ್ದಿಗೆ ಪವಮಾನನಿಗೆ ಎಚ್ಚರವಾಯಿತು. ಯಾವ ದಿನ ಇದು? ಅಂಗಳದ ಕತ್ತಲೆಯಲ್ಲಿ ಅವ್ವ ಮಡಿಕೋಲಿನಿಂದ ಮಡಿಸೀರೆಯ ಗಂಟು ಇಳಿಸಿಟ್ಟುಕೊಂಡು, ಕೊಡವನ್ನು ಬೋರಿನ ಬಾಯಿಗೆ ಇಟ್ಟು ನಿಂತಿರುವುದು ಕಿಟಕಿಯಿಂದ ಕಾಣಿಸಿತು. ದ್ವಾದಶಿ. ನಿನ್ನೆ ಇಡೀ ದಿನ ಅವಳ ಬಿಳಿಚಿದ ತುಟಿ ನೋಡಿದ್ದಾನೆ, ಏಕಾದಶಿ ಎಂದು ಗೊತ್ತಿತ್ತು, ಹಲ್ಲಿನಲ್ಲಿ ಕೊತ್ತಂಬರಿ ಹುಡುಕಿಕೊಂಡಿದ್ದಾನೆ, ಗಿರಣಿಯಲ್ಲಿ ಆ ಕ್ಯಾಲೆಂಡರು ನೋಡಿದ್ದಾನೆ. ಏಕಾದಶಿಯ ಮುಂದೆ ದ್ವಾದಶಿ ಬರುತ್ತದೆ ಎಂಬುದು ಮಾತ್ರ ಹೊಳೆಯಲಿಲ್ಲ. ನಲ್ಲಿಯ ನೀರನ್ನು ಅವಳು ಮುಟ್ಟುವುದಿಲ್ಲ. ಮೊದಲ ದಿನವೇ ಮೂಸಿ, ಔಷಧದ ವಾಸನೆ ಎಂದು ಮುಖ ತಿರುಗಿಸಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ.

ಗೋಡೆಯಾಚೆ ಖಟ್ ಎಂದಿತು.

ನಾಳೆ ಮುಂಜಾನೆ ಏಳುವುದಿದೆ, ಎಂದಿದ್ದಳು ಮೆಹಬೂಬಿ. ಮೋಟಾರು ಗುಂಯ್ ಎನ್ನಲಿಲ್ಲ. ಮತ್ತೆ ಖಟ್. ಸ್ವಲ್ಪ ತಡೆದು ಮತ್ತೊಮ್ಮೆ. ಪವಮಾನ ಮಿಸುಕದೆ ಮಲಗಿದ್ದ. ಇದೂ ಹಕ್ಕಿಗಾಗಿಯೇ? ಪೊರೆ ಬಂದ ಕಣ್ಣಿನ ಮುದುಕ ಈ ಹೊತ್ತಿನಲ್ಲಿ ಎದ್ದು, ಯಾರೂ ನೋಡದ ಕತ್ತಲೆಯಲ್ಲಿ? ಆಗಬಹುದು. ಆಗಬಾರದೆಂದೇನಿಲ್ಲ. ಆದರೆ ಲೆಕ್ಕ ನಿನ್ನೆ ಸಂಜೆಯಂತೆ ಕೂಡಲೊಲ್ಲದು.

"ಕರೀಂ, ನೀರು ಬರವಲ್ದಪ್ಪ" ಎಂದಳು ಅವ್ವ. ಅರ್ಧ ಮಾತು ಗಂಟಲಲ್ಲೇ ಉಳಿಯಿತು.

"ಕರೆಂಟ್ ಅದರಿ ಬಾಯಿ. ತಡೀರಿ, ನೋಡ್ತೀನಿ." ಗೋಡೆಯ ತೂತಿನಲ್ಲಿ ಟಾರ್ಚಿನ ಬೆಳಕು ಮೂಡಿ, ಅಂಗಳದ ನೆಲದ ಮೇಲೆ ರೊಟ್ಟಿಯಂತೆ ದುಂಡಗೆ ಬಿದ್ದು ಅಲುಗಾಡಿತು. "ಪೈಪ್ ಕಾಣ್ಸವಲ್ದು. ವೈರ್ ಕಡದಂಗ ಅದ ಇಲ್ಲಿ, ಯಾರೋ. ಪವಮಾನಗ ಎಬ್ಬಸಬ್ಯಾಡ್ರಿ, ದಿನಾ ತಿರುಗಿ ದಣೀತಾನ. ನಾನೇ ಜೋಡಸ್ತೀನಿ. ಕೈಗಿ ಹತ್ತಾಕತ್ತದ ತುದಿ…"

"ಚಾಚಾ! ಕೈ ಹಾಕಬ್ಯಾಡ!"

ಕೂಗಿದ್ದು ತಾನು ಎಂದು ತಿಳಿಯುವ ಹೊತ್ತಿಗೆ ಪವಮಾನ ಅಂಗಳದಲ್ಲಿದ್ದ. ಹೊಸ್ತಿಲಿಗೆ ಎಡವಿ ಹೆಬ್ಬೆರಳು ಕಿತ್ತುಹೋಗಿತ್ತು. ಖಟ್ ಎಂದದ್ದು ಮೂರು ಸಲ. ಹಾಕಿ, ತೆಗೆದು, ಹಾಕಿ. ಹಾಗೆಯೇ ಬಿಟ್ಟಿದ್ದಾನೆ, ತುದಿಯಲ್ಲಿ ಕರೆಂಟಿದೆ, ಮೂರು ಫೇಸು. ಗೋಡೆಗೆ ಅಂಗೈ ಊರಿ ನಿಂತ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ಯಾಕೆ ಎಂಬುದು ಹುಟ್ಟುವ ಮುಂಚೆಯೇ ಅವನಿಂದ ಏನೋ ಹೊರಟುಹೋಗಿತ್ತು. ಅದು ಏನು ಎಂದು ನೋಡಲು ತಿರುಗುವಷ್ಟರಲ್ಲಿ ಉಳಿದವೆಲ್ಲ ಬಂದು ಮುತ್ತಿಕೊಂಡವು: ನಿನ್ನ ಗೋಡೆಯಲ್ಲಿ ಸತ್ತಿದ್ದರೆ, ಪೊಲೀಸು, ತಾರಿಖ್, ಅಜಿತ. ಅದಕ್ಕೇ ಕೂಗಿದೆಯೇನೋ. ಇರಬಹುದು. ಕೂಗಿನ ಹಿಂದೆ ಯಾವುದು ಮೊದಲಿತ್ತು ಎಂದು ಹೇಳಲು ಈಗ ಯಾರೂ ಇಲ್ಲ.

"ಮೇನ್ ಆಫ್ ಮಾಡೀನೋ ಹುಚ್ಚ" ಎಂದಿತು ತೂತು. "ಗಿರಣಿ ನಡಸ್ದಾಂವ ಇದೀನಿ. ಕಣ್ಣ ಹೋಗ್ಯಾದ, ತಲಿ ಹೋಗಿಲ್ಲ. ಎದ್ದೀ? ಹಂಗಾರ ನಿಮ್ಮ ಕಡಿ ತುದಿ ಕೊಡು ಇಕಡೀಕ. ಟಾರ್ಚ್ ನೀ ಹಿಡಿ."

ತೂತಿನಿಂದ ಟಾರ್ಚು ಬಂತು. ಅದರ ಹಿಂದೆ ಬೆರಳುಗಳು, ಉಗುರಿನ ಸಂದಿಯಲ್ಲಿ ಸುಣ್ಣ. ಪವಮಾನ ವೈರಿನ ತುದಿಗಳನ್ನು ಆ ಬೆರಳುಗಳಿಗೆ ಕೊಟ್ಟ. ಯಾರು ಕಡಿದರು ಎಂದು ಈಗ ಕೇಳುತ್ತಾನೆ. ಕೇಳಲಿಲ್ಲ. ಗೊತ್ತಿದ್ದೂ ಕೇಳುತ್ತಿಲ್ಲವೋ? 'ಯಾರೋ' ಎಂದದ್ದು ಚುಚ್ಚಲಿಕ್ಕೋ, ಅವ್ವನ ಮುಂದೆ ತನ್ನನ್ನು ಉಳಿಸಲಿಕ್ಕೋ, ಮುಂದೆಂದೋ ಉಪಯೋಗಕ್ಕೆ ಇಟ್ಟುಕೊಳ್ಳಲಿಕ್ಕೋ?

"ಚಾಚಾ, ನಿಮಗ ನಲ್ಲಿ ಬಂದದಂತಲ್ಲ."

"ಬಂದದ. ಟಾರ್ಚ್ ನೆಟ್ಟಗ ಹಿಡಿ."

"ಮತ್ತ ಇಷ್ಟು ದಿನ ಯಾಕ…"

"ಮೊದಲ ನೀರ್ ಬರ್ಲಿ ಬಿಡು. ಬಾಯಿ ನಿನ್ನೆಯಿಂದ ಗಂಟಲ ಒಣಗಿಸ್ಕೊಂಡು ನಿಂತಾರ. ಆಮ್ಯಾಲ ನಂದೂ ಒಂದು ಮಾತದ ನಿನ್ನ ಜೋಡಿ."

ಇದೆ! ಏನೋ ಇದೆ. ಪವಮಾನನಿಗೆ ಸಮಾಧಾನ ಎಷ್ಟಾಯಿತೆಂದರೆ ನಗು ಬಂದುಬಿಟ್ಟಿತು. ಕೇಳಲಿ. ಬೋರಿನಲ್ಲಿ ಪಾಲು ಕೇಳಲಿ, ಅಂಗಳದ ತುಂಡು ಕೇಳಲಿ, ತಾರಿಖ್‌ಗೆ ಎಲ್ಲಾದರೂ ಶಿಫಾರಸು ಕೇಳಲಿ. ಮಂಜುಷಾ ಬೈದರೂ ಸರಿ, ಕೇಳಿದ್ದನ್ನು ಕೊಟ್ಟುಬಿಡುತ್ತೇನೆ ಎಂದುಕೊಂಡ. ಖಟ್ ಎಂದಿತು. ಬೋರಿನ ಬಾಯಿ ಗೊರಗೊರ ಮಾಡಿ, ಮೊದಲು ರಾಡಿ, ಆಮೇಲೆ ತಿಳಿ ನೀರು ಬಿಟ್ಟಿತು. ಅವ್ವ ತಲೆಯ ಮೇಲೆ ಸುರಿದುಕೊಂಡಳು, ಕೊಡ ತುಂಬಿಕೊಂಡಳು. ಒದ್ದೆ ಸೀರೆಯಲ್ಲಿ ಒಳಗೆ ಹೋಗುವಾಗ ಮಗನನ್ನು ಮುಟ್ಟದಂತೆ ದೂರ ಸರಿದು ನಡೆದಳು. ಅವನ ಕಡೆ ನೋಡಲಿಲ್ಲ.

"ಚಾಚಾ" ಎಂದ ಪವಮಾನ ತೂತಿಗೆ ಬಾಯಿಟ್ಟು. "ಏನೋ ಮಾತದ ಅಂದಿದ್ರಿ."

"ಹಾಂ. ನಿನ್ನೆ ಬಾಳೆಹಣ್ಣು ಕೊಟ್ಟಿ ನೋಡು. ಯಾವನ ಹಂತೇಲಿ ತಂದಿ? ಮ್ಯಾಲ ಕೆಂಪಗ ಅದಾವ, ಒಳಗ ಕಾಯಿ. ಮೆಹಬೂಬಿಗಿ ಹೇಳಿ ಜ್ವಾಳದ ಡಬ್ಬಿಯಾಗ ಇಡ್ಸೀನಿ. ಹಣ್ಣಾದ್ರ ನಿಮಗೂ ಅರ್ಧ ಕಳಸ್ತೀನಿ."

ಪವಮಾನ ಕಾದ. "ಅಷ್ಟೇನಾ?"

"ಮತ್ತೇನು?" ಆ ಕಡೆಯ ದನಿಯಲ್ಲಿ ಆಕಳಿಕೆಯಿತ್ತು. "ನಿನಗೇನರ ಬೇಕಾಗಿತ್ತೇನು?"

ಚಪ್ಪಲಿ ಎಳೆದುಕೊಂಡು ಹೋದ ಸಪ್ಪಳ. ದೂರದಲ್ಲಿ ಅಜಾನು ಶುರುವಾಯಿತು. ಕೈಯಲ್ಲಿ ಕರೀಂಸಾಬನ ಟಾರ್ಚು ಹಾಗೆಯೇ ಉರಿಯುತ್ತಿತ್ತು. ಅದನ್ನು ಆರಿಸಿ, ಪವಮಾನ ಗೋಡೆಗೆ ಕೆನ್ನೆಯೊತ್ತಿ ತೂತಿಗೆ ಕಿವಿಯಿಟ್ಟ. ಆ ಕಡೆ ಯಾರಾದರೂ ನಗುತ್ತಿದ್ದಾರೇನೋ ಎಂದು ಬಹಳ ಹೊತ್ತು ಕೇಳಿಸಿಕೊಂಡ.